ಡೊಂಬಿವಲಿಯ ಹಳೇ ಎಸಿ ಮತ್ತು ಮೀಟರಿನ ಕೆಂಪು ದೀಪ

ಏಪ್ರಿಲ್ ಬಂದರೆ ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಪಡುಗೋಡೆಯ ಕೋಣೆ ರಾತ್ರಿ ಹತ್ತಾದರೂ ಆರುವುದಿಲ್ಲ. ಎಸಿ ಒಂದೂವರೆ ಟನ್ನಿನದು, ಹಳೆಯದು, ಕಂಪ್ರೆಸರಿನ ವೇಗ ತಾನೇ ಹೆಚ್ಚುಕಮ್ಮಿ ಮಾಡಿಕೊಳ್ಳುವ ಇನ್ವರ್ಟರ್ ಬಗೆಯದಲ್ಲ. ಬಂದ ಮೆಕ್ಯಾನಿಕ್ಕುಗಳದು ಒಂದೇ ರಾಗ: ಗ್ಯಾಸ್ ಕಮ್ಮಿಯಾಗಿದೆ, ತುಂಬಿಸಬೇಕು. ಓಡಿದಷ್ಟೂ ಮುಗಿಯಲು ಅದೇನು ಪೆಟ್ರೋಲೇ? ಎಲ್ಲೂ ಸೋರದಿದ್ದರೆ ಗ್ಯಾಸ್ ಕಮ್ಮಿಯಾಗುವುದಿಲ್ಲ.

ಎಸಿ ನಿಜಕ್ಕೂ ಎಷ್ಟು ಕರೆಂಟ್ ತಿನ್ನುತ್ತದೆ ನೋಡೋಣವೆಂದು ಮನೆಯ ಉಳಿದೆಲ್ಲ ಸ್ವಿಚ್ ಆರಿಸಿ, ಎಸಿ ಒಂದನ್ನೇ ಹಾಕಿ, ಕೆಳಗೆ ಮೀಟರ್ ರೂಮಿಗೆ ಹೋಗಿ ಕೆಂಪು ದೀಪದ ಮಿನುಗು ಎಣಿಸಿದೆ. ನಮ್ಮ ಮೀಟರಿನಲ್ಲಿ ಯೂನಿಟ್ಟಿಗೆ (ಒಂದು ಕಿಲೋವ್ಯಾಟ್ ಒಂದು ಗಂಟೆ ಓಡಿದರೆ ಒಂದು ಯೂನಿಟ್) 3200 ಮಿನುಗು. ಅಂದರೆ ನಿಮಿಷಕ್ಕೆ 53 ಮಿನುಗಿದರೆ ಒಂದು ಕಿಲೋವ್ಯಾಟ್. ನಮ್ಮದು 90ರ ಆಸುಪಾಸು.

ಕರೆಂಟ್ ತಿನ್ನುವ ಕಳ್ಳ ಇದ್ದದ್ದು ಹೊರಗೆ. ಪಾರಿವಾಳದ ಕಾಟಕ್ಕೋ ಮಳೆಗೋ, ಫ್ಲ್ಯಾಟಿನಲ್ಲಿ ಮೊದಲಿದ್ದವರು ಔಟ್‌ಡೋರ್ ಯೂನಿಟ್ಟಿನ ಮುಂದೆ ಪ್ಲಾಸ್ಟಿಕ್ ಶೀಟ್ ಹೊಡೆಸಿದ್ದರು. ಫ್ಯಾನು ಊದಿದ ಬಿಸಿಗಾಳಿ ಅದಕ್ಕೆ ಬಡಿದು ಮತ್ತೆ ಕಾಯಿಲ್ಲಿಗೇ (ಶಾಖ ಬಿಡುವ ಕೊಳವೆಗಳ ಸುರುಳಿಗೇ) ತಿರುಗುತ್ತಿತ್ತು. ಒಳಗಿನ ಸೆಕೆಯನ್ನು ಹೊರಹಾಕಲು ಜಾಗವಿಲ್ಲದೆ ಕಂಪ್ರೆಸರ್ ಹೆಚ್ಚು ಕರೆಂಟ್ ಎಳೆಯುತ್ತಿತ್ತು. ಕಾಯಿಲ್ಲಿನ ಹಿಂಬದಿಗೆ ಗರಿ, ಧೂಳು, ಹಿಕ್ಕೆ ಸೇರಿ ಕಂಬಳಿ ಹೊದಿಸಿದಂತಾಗಿತ್ತು. ಮೆಕ್ಯಾನಿಕ್ಕಿಗೆ ಸೊಂಟಕ್ಕೆ ಬೆಲ್ಟ್ ಕಟ್ಟಿಸಿಯೇ ಹೊರಗಿಳಿಸಿದೆ. ಮೂರನೇ ಮಹಡಿ, ನಾವು ಇಳಿಯುವ ಜಾಗವಲ್ಲ. ಮೇನ್ ಆರಿಸಿ, ಒಣ ಬ್ರಷ್ಷಿನಿಂದ ಕಾಯಿಲ್ಲಿನ ತೆಳು ತಗಡಿನ ರೆಕ್ಕೆಗಳ ಉದ್ದಕ್ಕೇ ಉಜ್ಜಿಸಿ (ಅಡ್ಡ ಉಜ್ಜಿದರೆ ಮಡಚಿಕೊಳ್ಳುತ್ತವೆ), ಆಮೇಲೆ ಒಳಗಿನಿಂದ ಹೊರಕ್ಕೆ ಮೆತ್ತಗೆ ನೀರು. ಶೀಟ್ ಕಿತ್ತು ಪಾರಿವಾಳದ ಬಲೆ ಕಟ್ಟಿಸಿದೆ. ಮತ್ತೆ ಎಣಿಸಿದರೆ 75.

ಒಳಗಿನ ಫಿಲ್ಟರನ್ನು ಹದಿನೈದು ದಿನಕ್ಕೊಮ್ಮೆ ನಲ್ಲಿ ಕೆಳಗೆ ಹಿಡಿಯುತ್ತೇನೆ, ಅದೇನು ದೊಡ್ಡ ಕೆಲಸವಲ್ಲ.

ಮುಂಬೈ ಕಡೆ ಸೆಕೆಗಿಂತ ತೇವವೇ ದೊಡ್ಡ ಶತ್ರು. ಗಾಳಿಯ ನೀರಿಳಿಸುವುದಕ್ಕೂ ಎಸಿಗೆ ಕರೆಂಟ್ ಬೇಕು. ಬಾಗಿಲಡಿಯ ಸಂದಿಗೆ ರಬ್ಬರ್ ಪಟ್ಟಿ ಅಂಟಿಸಿದೆ. ಅಟ್ಯಾಚ್ಡ್ ಬಾತ್‌ರೂಮಿನ ಎಕ್ಸಾಸ್ಟ್ ಫ್ಯಾನು ರಾತ್ರಿಯಿಡೀ ತಿರುಗುತ್ತಾ ತಂಪು ಗಾಳಿಯನ್ನು ಹೊರಗೆಳೆದು, ಅಷ್ಟೇ ಹಸಿಗಾಳಿಯನ್ನು ಒಳಗೆ ತರುತ್ತಿತ್ತು, ಅದಕ್ಕೂ ವಿರಾಮ.

ಉಳಿದದ್ದು 24ರ ಜಗಳ. 2020ರಿಂದ ಸ್ಟಾರ್ ಲೇಬಲ್ಲಿನ ಎಸಿಗಳು 24 ಡಿಗ್ರಿಗೇ ಸೆಟ್ ಆಗಿ ಬರುತ್ತವೆ; ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6ರಷ್ಟು ಉಳಿತಾಯ ಎಂಬುದು ಸ್ಟಾರ್ ಲೇಬಲ್ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆ ಬಿಇಇಯ ಲೆಕ್ಕ. "18 ಇಟ್ರೆ ಬೇಗ ತಣ್ಣಗಾಗುತ್ತೆ ಕಣ್ರೀ" ಎನ್ನುತ್ತಿದ್ದಳು ನನ್ನವಳು. ನಮ್ಮಂಥ ಎಸಿಯಲ್ಲಿ ಆಗುವುದಿಲ್ಲ, ಕಂಪ್ರೆಸರ್ ಓಡುವುದು ಒಂದೇ ವೇಗದಲ್ಲಿ. 26ಕ್ಕಿಟ್ಟು ಸೀಲಿಂಗ್ ಫ್ಯಾನ್ ಎರಡರಲ್ಲಿ ಬಿಟ್ಟೆ. ಬೆಳಗಿನ ಜಾವ ಚಾದರ ಎಳೆದುಕೊಂಡವಳು ಅವಳೇ.