ಪುಸ್ತಕದಲ್ಲಿರುವ ವೇಗ ನಿಮ್ಮ ರೈಫಲ್‌ನಲ್ಲಿ ಯಾಕೆ ಬರುವುದಿಲ್ಲ?

ಲೋಡ್ ಪುಸ್ತಕ (ಯಾವ ಗುಂಡಿಗೆ ಎಷ್ಟು ಮದ್ದು, ಎಷ್ಟು ವೇಗ ಅಂತ ಹೇಳುವ ಪುಸ್ತಕ) ನೋಡಿಕೊಂಡು ಮದ್ದನ್ನು ಒಂದೊಂದು ಗ್ರೇನ್ (ಸುಮಾರು 0.065 ಗ್ರಾಂ) ಲೆಕ್ಕ ಹಾಕಿ ತೂಗಿ ತೋಟಾ ತುಂಬಿಸಿದ್ದೀರಿ. ಪುಸ್ತಕದಲ್ಲಿ ಸೆಕೆಂಡಿಗೆ 2,800 ಅಡಿ ಅಂತ ಇದೆ, ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್ 2,690 ತೋರಿಸುತ್ತಿದೆ. ತಕ್ಷಣ ಮನಸ್ಸಿಗೆ ಬರುವುದು "ಇನ್ನೊಂದು ಸ್ವಲ್ಪ ಮದ್ದು ಹಾಕೋಣ" ಅಂತ ಅಲ್ವಾ? ದಯವಿಟ್ಟು ಹಾಕಬೇಡಿ. ಆ ವ್ಯತ್ಯಾಸ ಎಲ್ಲಿಂದ ಬಂತು ಅಂತ ಮೊದಲು ಹುಡುಕಿ.

ಮೊದಲು ಬ್ಯಾರೆಲ್ ಅಳೆಯಿರಿ. ಪುಸ್ತಕದವರು ಯಾವ ಬ್ಯಾರೆಲ್‌ನಲ್ಲಿ ಹಾರಿಸಿದರು ಅಂತ ಆ ಪುಟದಲ್ಲೇ ಬರೆದಿರುತ್ತಾರೆ, ಹೆಚ್ಚಾಗಿ 24 ಅಥವಾ 26 ಇಂಚು. .308ರಂಥ ತೋಟಾದಲ್ಲಿ ಒಂದು ಇಂಚು ಕಡಿಮೆಯಾದರೆ ಸುಮಾರು 20ರಿಂದ 25 ಅಡಿ ವೇಗ ಹೋಗುತ್ತದೆ, ಹೆಚ್ಚು ಮದ್ದು ಹಿಡಿಯುವ ದೊಡ್ಡ ಮ್ಯಾಗ್ನಂ ತೋಟಾಗಳಲ್ಲಿ ಇನ್ನೂ ಜಾಸ್ತಿ. ನಿಮ್ಮದು 20 ಇಂಚಿನದು, ಪುಸ್ತಕದ್ದು 24 ಆಗಿದ್ದರೆ 80ರಿಂದ 100 ಅಡಿ ಅಲ್ಲೇ ಹೋಯಿತು.

ಉದ್ದ ಒಂದೇ ಇದ್ದರೂ ಎರಡು ಬ್ಯಾರೆಲ್ ಒಂದೇ ವೇಗ ಕೊಡುವುದಿಲ್ಲ. ಎಷ್ಟೋ ಪುಸ್ತಕಗಳ ಅಂಕಿಗಳು ಬರೀ ಪರೀಕ್ಷೆಗೆಂದೇ ಮಾಡಿದ, ಚೇಂಬರ್ (ತೋಟಾ ಕೂರುವ ಜಾಗ) ಬಿಗಿಯಾಗಿರುವ ಬ್ಯಾರೆಲ್‌ನಿಂದ ಬಂದವು. ಅಂಗಡಿಯಿಂದ ತಂದ ರೈಫಲ್‌ನಲ್ಲಿ ಚೇಂಬರ್ ಕೊಂಚ ಸಡಿಲ, ಗುಂಡು ರೈಫ್ಲಿಂಗ್ (ಬ್ಯಾರೆಲ್ ಒಳಗಿನ ಸುರುಳಿ ಗೀರು) ಮುಟ್ಟುವ ಮೊದಲಿನ ಜಾಗವೂ ಉದ್ದ. ಜಾಗ ಜಾಸ್ತಿಯಾದರೆ ಒತ್ತಡ ಕಡಿಮೆ, ಒತ್ತಡ ಕಡಿಮೆಯಾದರೆ ವೇಗವೂ ಕಡಿಮೆ.

ಇನ್ನು ತೋಟಾ ಒಳಗಿನ ಕಥೆ. ಪುಸ್ತಕದಲ್ಲಿ 150 ಗ್ರೇನ್ ಗುಂಡು, ನಿಮ್ಮದೂ 150 ಗ್ರೇನ್, ಹಾಗಂತ ಎರಡೂ ಒಂದೇ ಅಲ್ಲ. ಪೂರ್ತಿ ತಾಮ್ರದ ಗುಂಡು ಸೀಸದ ಗುಂಡಿಗಿಂತ ಉದ್ದ ಇರುತ್ತದೆ, ಕೇಸ್ (ಮದ್ದು ತುಂಬುವ ಲೋಹದ ಕವಚ) ಒಳಗೆ ಹೆಚ್ಚು ಜಾಗ ತಿನ್ನುತ್ತದೆ. ಮಿಲಿಟರಿ ಕೇಸ್‌ಗಳ ಗೋಡೆ ಹಲವು ಸಲ ದಪ್ಪ ಇರುತ್ತದೆ, ಒಳಗೆ ಜಾಗ ಕಡಿಮೆ, ಅದೇ ಮದ್ದಿಗೆ ಅಲ್ಲಿ ಒತ್ತಡ ಏರುತ್ತದೆ. ಪ್ರೈಮರ್ (ಮದ್ದಿಗೆ ಕಿಡಿ ಕೊಡುವ ಚಿಕ್ಕ ಬಟ್ಟಲು) ಬದಲಾದರೂ ಒತ್ತಡ ಬದಲಾಗುತ್ತದೆ, ಮದ್ದಿನ ಡಬ್ಬಿಯ ಲಾಟ್ (ಒಟ್ಟಿಗೆ ತಯಾರಾದ ಕಂತು) ಬದಲಾದರೂ ಅಷ್ಟೇ. ಹೊಸ ಲಾಟ್ ತೆರೆದಾಗ ಹಳೆಯ ಅಳತೆಗೇ ಸೀದಾ ಹೋಗದೆ, ಕೆಳಗಿನಿಂದ ಮತ್ತೆ ಶುರು ಮಾಡಿ. ಬಿಸಿಲನ್ನೂ ಮರೆಯಬೇಡಿ: ಒಂದು ಡಿಗ್ರಿ ಫ್ಯಾರನ್‌ಹೀಟ್‌ಗೆ ಹತ್ತಿರ ಹತ್ತಿರ 1 ಅಡಿ ವೇಗ ಬದಲಾಗುವ ಮದ್ದುಗಳೂ ಇವೆ, ಚಳಿಯಲ್ಲಿ ಸರಿಯಿದ್ದ ಲೋಡ್ ಬಿಸಿಲಿಗಿಟ್ಟ ಪೆಟ್ಟಿಗೆಯಿಂದ ತೆಗೆದು ಹಾರಿಸಿದರೆ ಬೇರೆಯದೇ ಆಗಿಬಿಡುತ್ತದೆ.

ಕ್ರೋನೋಗ್ರಾಫ್ ಮೇಲೂ ಒಂದು ಕಣ್ಣಿರಲಿ. ಎರಡು ಸೆನ್ಸರ್ ನಡುವೆ 2 ಅಡಿ ಅಂತರ ಇರುವ ಯಂತ್ರದಲ್ಲಿ ಕಾಲಿಂಚು ತಪ್ಪಾದರೂ ಶೇಕಡಾ 1ರಷ್ಟು ತಪ್ಪು, ಅಂದರೆ 2,800ರಲ್ಲಿ 28 ಅಡಿ. ಮೂರೇ ಗುಂಡು ಹಾರಿಸಿ ಸರಾಸರಿ ತೆಗೆದರೆ ಸುಮ್ನೆ ಮೋಸ ಹೋಗುತ್ತೀರಿ, ಕಡಿಮೆ ಅಂದರೂ 10 ಹಾರಿಸಿ. ತಕ್ಕಡಿಯನ್ನು ಪ್ರತಿ ಸಲ ಚೆಕ್ ವೇಟ್ (ತೂಕ ಖಚಿತವಾಗಿ ಗೊತ್ತಿರುವ ಬಟ್ಟು) ಇಟ್ಟು ನೋಡಿ, ನಾನು ಇದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ.

ವೇಗ ಕಡಿಮೆ ಬಂದರೆ ಚಿಂತೆ ಇಲ್ಲ, ಪುಸ್ತಕದ ಗರಿಷ್ಠ ಅಳತೆ ದಾಟದೆ ಗುಂಡುಗಳು ಗುರಿಯಲ್ಲಿ ಹತ್ತಿರ ಹತ್ತಿರ ಬೀಳುವ ಅಳತೆಯಲ್ಲೇ ನಿಂತುಬಿಡಿ. ನಿಜವಾಗಿ ಹೆದರಬೇಕಾದ್ದು ಉಲ್ಟಾ ಆದಾಗ. ಬ್ಯಾರೆಲ್ ಪುಸ್ತಕದ್ದಕ್ಕಿಂತ ಉದ್ದ ಇಲ್ಲ, ಯಂತ್ರವೂ ಸರಿಯಿದೆ, ಗರಿಷ್ಠ ಅಳತೆ ಇನ್ನೂ ದೂರವಿದೆ, ಆದರೂ ಪುಸ್ತಕದ ಗರಿಷ್ಠ ವೇಗ ಆಗಲೇ ಬಂದುಬಿಟ್ಟರೆ, ನಿಮ್ಮ ರೈಫಲ್‌ನಲ್ಲಿ ಒತ್ತಡವೂ ಅಲ್ಲಿಗೆ ತಲುಪಿದೆ ಅಂತಲೇ ತಿಳಿಯಿರಿ. ಪ್ರೈಮರ್ ಚಪ್ಪಟೆಯಾಗಿಲ್ಲ, ಬೋಲ್ಟ್ (ತೋಟಾ ಹಿಂದೆ ಚೇಂಬರ್ ಮುಚ್ಚುವ ಭಾಗ) ಬಿಗಿಯಾಗಿಲ್ಲ ಅಂತ ಮುಂದುವರಿಯಬೇಡಿ. ಆ ಗುರುತುಗಳು ಕಾಣುವ ಹೊತ್ತಿಗೆ ಒತ್ತಡ ಮಿತಿ ದಾಟಿ ಆಗಿರಬಹುದು. ಹಾರಿಸುವುದನ್ನು ಅಲ್ಲೇ ನಿಲ್ಲಿಸಿ, ಉಳಿದ ತೋಟಾಗಳನ್ನು ಮನೆಗೆ ತಂದು ಬಿಚ್ಚಿ.