ರೈಲು ಕೇಳಬೇಡಿ, ಲೆಕ್ಕ ಕೇಳಿ

ಮುಂಬಯಿಯಿಂದ ಮಂಗಳೂರಿಗೆ ಇನ್ನೊಂದು ರೈಲು ಬೇಕು. ಈ ಮಾತು ಬರದ ಕನ್ನಡ ಸಂಘದ ಸಭೆ ಇಲ್ಲಿ ಕಡಿಮೆ. ಆಮೇಲೆ ಒಂದು ಮನವಿ ಪತ್ರ ತಯಾರಾಗುತ್ತದೆ, ಸಂಸದರಿಗೆ ಶಾಲು ಹೊದಿಸಿ ಅದನ್ನು ಕೊಟ್ಟು ಬರುತ್ತಾರೆ. ಆ ಪತ್ರಗಳು ಬಂದು ಸೇರುವ ಜಾಗದಲ್ಲಿ ನಾನು ಕೆಲಸ ಮಾಡುತ್ತೇನೆ. ಮುಂಬಯಿ ಕಡೆಯ ಒಬ್ಬ ಲೋಕಸಭಾ ಸದಸ್ಯರಿಗೆ, ಸದನದಲ್ಲಿ ಸಚಿವರನ್ನು ಕೇಳುವ ಪ್ರಶ್ನೆಗಳ ಕರಡು ಬರೆದುಕೊಡುವುದು ನನ್ನ ಕೆಲಸ, ಹೆಚ್ಚಾಗಿ ರೈಲು, ರಸ್ತೆ, ಮೆಟ್ರೊ. ಸಂಸದರ ಹೆಸರು, ಪಕ್ಷ ಇಲ್ಲಿ ಬೇಡ. ಕೆಲಸದ ಬಗ್ಗೆ ಮಾತ್ರ ಹೇಳುತ್ತೇನೆ, ಯಾಕೆಂದರೆ ನಮ್ಮವರು ಇಷ್ಟು ಶ್ರದ್ಧೆಯಿಂದ ಮನವಿ ಬರೆಯುತ್ತಾರೆ, ಅದರ ಅರ್ಧ ಶ್ರಮವನ್ನು ಪ್ರಶ್ನೆಗೆ ಹಾಕಿದರೆ ಸಿಗುವುದು ಎಷ್ಟೋ ಜಾಸ್ತಿ.

ಮೊದಲು ಮುಖ್ಯ ವಿಷಯ. "ಮಂಗಳೂರಿಗೆ ಹೊಸ ರೈಲು ಬಿಡುವ ಉದ್ದೇಶ ಸರ್ಕಾರಕ್ಕೆ ಇದೆಯೇ?" ಅಂತ ಕೇಳಿದರೆ ಬರುವ ಉತ್ತರ ನನಗೆ ಬಾಯಿಪಾಠ. ಹೊಸ ರೈಲು ಬಿಡುವುದು ನಿರಂತರ ಪ್ರಕ್ರಿಯೆ, ಅದು ಪ್ರಯಾಣಿಕರ ಬೇಡಿಕೆ, ಕಾರ್ಯಾಚರಣೆಯ ಸಾಧ್ಯತೆ, ಸಂಪನ್ಮೂಲದ ಲಭ್ಯತೆಗೆ ಒಳಪಟ್ಟಿದೆ. ಹಳೆಯ ಉತ್ತರಗಳನ್ನು ತೆಗೆದು ನೋಡಿ, ಊರಿನ ಹೆಸರು ಬದಲಾಗುತ್ತದೆ, ವಾಕ್ಯ ಬದಲಾಗುವುದಿಲ್ಲ. ಇದು ಸುಳ್ಳು ಉತ್ತರ ಅಲ್ಲ. ಕೇಳಿದ್ದು ಉದ್ದೇಶವನ್ನು, ಅವರು ಹೇಳಿದ್ದೂ ಉದ್ದೇಶವನ್ನೇ. ಬೇಡಿಕೆ ಇಟ್ಟರೆ ಭರವಸೆ ಬರುತ್ತದೆ, ಲೆಕ್ಕ ಕೇಳಿದರೆ ಲೆಕ್ಕ ಬರುತ್ತದೆ.

ಹಾಗಾದರೆ ಕೇಳುವುದೇನು? ಮಂಗಳೂರಿನ ರೈಲನ್ನೇ ತೆಗೆದುಕೊಳ್ಳೋಣ. ರೈಲು ಯಾಕೆ ಬರುತ್ತಿಲ್ಲ ಅಂತ ಮೊದಲು ನಾವೇ ಯೋಚಿಸಬೇಕು. ಕೊಂಕಣ ರೈಲ್ವೆ ರೋಹಾದಿಂದ ತೋಕೂರಿನವರೆಗೆ ಸುಮಾರು 740 ಕಿಲೋಮೀಟರ್. ಅದರಲ್ಲಿ ಜೋಡಿ ಹಳಿ ಇರುವುದು ರೋಹಾದಿಂದ ವೀರ್‌ವರೆಗಿನ ಸುಮಾರು 47 ಕಿಲೋಮೀಟರ್, ಅದೂ ಮುಗಿದದ್ದು 2021ರಲ್ಲಿ. ಉಳಿದ ಹೆಚ್ಚಿನ ಭಾಗ ಇನ್ನೂ ಒಂಟಿ ಹಳಿ. ಎದುರಿನಿಂದ ಗಾಡಿ ಬಂದರೆ ನಮ್ಮ ಗಾಡಿ ಯಾವುದೋ ಸ್ಟೇಷನ್ನಿನಲ್ಲಿ ನಿಂತು ಕಾಯಬೇಕು, ಮಂಗಳೂರಿನ ಮತ್ಸ್ಯಗಂಧ ರೈಲಿನಲ್ಲಿ ಹೋದವರಿಗೆ ಇದು ಹೊಸ ವಿಷಯ ಅಲ್ಲ. ಇನ್ನು ಮುಂಬಯಿ ತುದಿಯಲ್ಲಿ ಗಾಡಿ ನಿಲ್ಲಿಸಲು, ತೊಳೆಯಲು, ಪರೀಕ್ಷಿಸಲು ಜಾಗ ಬೇಕು. ಅದು ಕೊಂಕಣ ರೈಲ್ವೆಯ ಕೈಯಲ್ಲಿ ಇಲ್ಲ, ಮಧ್ಯ ರೈಲ್ವೆಗೆ ಸೇರಿದ್ದು. ಅಂದರೆ "ಕಾರ್ಯಾಚರಣೆಯ ಸಾಧ್ಯತೆ" ಅನ್ನುವ ಎರಡು ಪದಗಳ ಒಳಗೆ ಹಳಿ, ಟರ್ಮಿನಸ್, ಪಿಟ್ ಲೈನ್ (ಗಾಡಿ ತೊಳೆದು ಪರೀಕ್ಷಿಸುವ ಹಳಿ), ಬೋಗಿ, ದುಡ್ಡು ಎಲ್ಲ ಅಡಗಿ ಕೂತಿವೆ. ಅವನ್ನು ಒಂದೊಂದಾಗಿ ಹೊರಗೆ ತರುವುದೇ ಪ್ರಶ್ನೆಯ ಕೆಲಸ.

ಆಗ ಕರಡು ಹೀಗಾಗುತ್ತದೆ. ರೋಹಾ–ತೋಕೂರು ಮಾರ್ಗದ ಪ್ರತಿ ವಿಭಾಗದಲ್ಲಿ ದಿನಕ್ಕೆ ಎಷ್ಟು ಗಾಡಿ ಓಡಿಸುವ ಸಾಮರ್ಥ್ಯ ಇದೆ, ಈಗ ಓಡುತ್ತಿರುವುದು ಎಷ್ಟು? ಉಳಿದ ಭಾಗದ ಜೋಡಿ ಹಳಿಗೆ ಸರ್ವೆ ಆಗಿದ್ದರೆ ವರದಿ ಯಾವ ತಾರೀಕಿಗೆ ಸಲ್ಲಿಕೆ ಆಯಿತು, ಅಂದಾಜು ವೆಚ್ಚ ಎಷ್ಟು, ಅದು ಈಗ ಯಾರ ಮುಂದಿದೆ? ಕಳೆದ ಮೂರು ವರ್ಷಗಳಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಮುಂಬಯಿ–ಮಂಗಳೂರು ಗಾಡಿಗಳಲ್ಲಿ ವೇಟಿಂಗ್ ಲಿಸ್ಟ್‌ನಲ್ಲೇ ಉಳಿದು ರದ್ದಾದ ಟಿಕೆಟ್‌ಗಳು ವರ್ಷವಾರು ಎಷ್ಟು?

ಈ ಕರಡನ್ನು ಒಂದು ಸಂಘದ ಹಿರಿಯರಿಗೆ ತೋರಿಸಿದೆ. ಕುಂದಾಪುರ ಕಡೆಯವರು, ನನಗೆ ಮಾವನ ಹಾಗೆ. ಎರಡು ಸಲ ಓದಿದರು. "ಅಲ್ಲ ಮಗಾ, ಇದ್ರಲ್ಲಿ ರೈಲು ಬೇಕು ಅಂತ ಎಲ್ಲೂ ಇಲ್ವಲ್ಲ?"

"ಬೇಡ ಮಾವ. ಯಾಕೆ ಕೊಡ್ತಿಲ್ಲ ಅಂತ ಅವರೇ ಅಂಕಿ ಕೊಟ್ಟು ಬರೆದು ಕೊಡ್ಲಿ. ಆಮೇಲೆ ನೀವು ಮನವಿ ಕೊಡಿ, ಅದರ ಜೊತೆ ಈ ಉತ್ತರವನ್ನೂ ಲಗತ್ತಿಸಿ."

ಅವರು ಒಪ್ಪಿದರು. ಪೂರ್ತಿ ಮನಸ್ಸಿನಿಂದ ಒಪ್ಪಿದ್ದು ಉತ್ತರ ಬಂದ ಮೇಲೆ, ಅಂಕಿಗಳಿದ್ದ ಕೋಷ್ಟಕವನ್ನು ಕಣ್ಣಾರೆ ನೋಡಿದಾಗ.

ಇನ್ನು ನಿಯಮಗಳು. ಲೋಕಸಭೆಯಲ್ಲಿ ಪ್ರಶ್ನೆಗೆ ಕನಿಷ್ಠ 15 ದಿನ ಮೊದಲು ನೋಟಿಸ್ ಕೊಡಬೇಕು. ಪ್ರತಿ ಸಚಿವಾಲಯಕ್ಕೂ ವಾರದಲ್ಲಿ ಒಂದು ದಿನ ಗೊತ್ತಾಗಿದೆ. ಲೋಕಸಭೆಯಲ್ಲಿ ರೈಲ್ವೆಗೆ ಬುಧವಾರ, ಹೆದ್ದಾರಿಗೆ ಗುರುವಾರ. ರಾಜ್ಯಸಭೆಯಲ್ಲಿ ರೈಲ್ವೆಗೆ ಶುಕ್ರವಾರ, ಹೆದ್ದಾರಿಗೆ ಬುಧವಾರ. ಪ್ರಶ್ನೆ 150 ಪದ ಮೀರಬಾರದು. ವಾದ, ವ್ಯಂಗ್ಯ, ಆರೋಪ, ಅಭಿಪ್ರಾಯ ಕೇಳುವುದು ಯಾವುದೂ ಇರಬಾರದು. ಕೋಪ ಬಂದಿರುತ್ತದೆ, ಆದರೂ ಕೋಪವನ್ನು ಕರಡಿನಲ್ಲಿ ಬಿಟ್ಟರೆ ಪ್ರಶ್ನೆ ತಿರಸ್ಕಾರ ಆಗುತ್ತದೆ, ಅಥವಾ ಸಚಿವಾಲಯ ಮುಟ್ಟುವ ಹೊತ್ತಿಗೆ ಅದರ ಮೊನೆ ಹೋಗಿರುತ್ತದೆ. ಸುಲಭವಾಗಿ ಸಿಗುವ ದಾಖಲೆಯಲ್ಲಿ ಇರುವುದನ್ನೂ ಕೇಳುವ ಹಾಗಿಲ್ಲ. ಹಾಗಾಗಿ ಬರೆಯುವ ಮೊದಲು ಬಜೆಟ್ ಜೊತೆ ಬರುವ ರೈಲ್ವೆಯ ಪಿಂಕ್ ಬುಕ್ ನೋಡಬೇಕು, ಯಾವ ಕಾಮಗಾರಿಗೆ ಎಷ್ಟು ಹಣ ಇಟ್ಟಿದ್ದಾರೆ ಅಂತ ಅದರಲ್ಲೇ ಇರುತ್ತದೆ. ನಮ್ಮ ಪ್ರಶ್ನೆ ಶುರುವಾಗಬೇಕಾದದ್ದು ಅದು ಮುಗಿಯುವ ಜಾಗದಿಂದ: ಇಟ್ಟ ಹಣದಲ್ಲಿ ಖರ್ಚಾದದ್ದು ಎಷ್ಟು, ಉಳಿದದ್ದು ಯಾಕೆ?

ಚುಕ್ಕೆ ಗುರುತಿನ ಪ್ರಶ್ನೆ ಬೇಕು ಅಂತ ಎಲ್ಲರಿಗೂ ಆಸೆ. ಸಚಿವರು ಎದ್ದು ನಿಂತು ಉತ್ತರ ಕೊಡುತ್ತಾರೆ, ಟಿವಿಯಲ್ಲಿ ಬರುತ್ತದೆ. ಆದರೆ ಲೋಕಸಭೆಯಲ್ಲಿ ದಿನಕ್ಕೆ ಅಂಥವು 20 ಮಾತ್ರ, ಅದೂ ಬ್ಯಾಲಟ್‌ನಲ್ಲಿ (ಚೀಟಿ ಎತ್ತುವ ಹಾಗಿನ ಆಯ್ಕೆ) ಹೆಸರು ಬಂದರೆ. ಒಂದು ಗಂಟೆಯಲ್ಲಿ ಅಷ್ಟೂ ಮುಗಿಯುವುದು ಅಪರೂಪ. ಚುಕ್ಕೆ ಗುರುತಿಲ್ಲದ ಪ್ರಶ್ನೆಗಳು ದಿನಕ್ಕೆ 230. ಉತ್ತರ ಲಿಖಿತ ರೂಪದಲ್ಲಿ ಬರುತ್ತದೆ, ಕೋಷ್ಟಕ ಸಮೇತ. ನನ್ನನ್ನು ಕೇಳಿದರೆ ನಿಜವಾದ ಸರಕು ಇರುವುದು ಇಲ್ಲೇ. ಚುಕ್ಕೆ ಪ್ರಶ್ನೆಯ ಬಲ ಬೇರೆ, ಅದು ಉಪಪ್ರಶ್ನೆಯಲ್ಲಿದೆ, ಅಂದರೆ ಉತ್ತರ ಕೇಳಿದ ಮೇಲೆ ಸದನದಲ್ಲೇ ಎದ್ದು ಕೇಳುವ ಮುಂದಿನ ಪ್ರಶ್ನೆಯಲ್ಲಿ. ಕೇಳಿದ ಸದಸ್ಯರಿಗೆ ಎರಡು ಉಪಪ್ರಶ್ನೆಗಳ ಅವಕಾಶ. ಸಚಿವರ ಕೈಯಲ್ಲಿ ಅಧಿಕಾರಿಗಳು ಬರೆದುಕೊಟ್ಟ ದಪ್ಪ ಟಿಪ್ಪಣಿ ಇರುತ್ತದೆ, ನಮ್ಮ ಕಡೆಯಿಂದ ಹೋಗುವುದು ಎರಡೇ ಸಾಲು. ಆ ಎರಡು ಸಾಲಿಗೆ ನಾನು ಎಷ್ಟು ಹೊತ್ತಾದರೂ ಕೂರುತ್ತೇನೆ.

ಪ್ರಶ್ನೆ ಬರೆಯುವ ರೀತಿಯಲ್ಲೇ ಉತ್ತರ ಜಾರಿಕೊಳ್ಳುವ ದಾರಿ ಇರುತ್ತದೆ. ಎಲ್ಲ ಉಪಭಾಗಗಳೂ ಒಂದೇ ತರಹ ಇದ್ದರೆ "(ಎ)ಯಿಂದ (ಡಿ)ವರೆಗೆ" ಅಂತ ಸೇರಿಸಿ ಒಂದೇ ಪ್ಯಾರಾದಲ್ಲಿ ಮುಗಿಸುತ್ತಾರೆ. ಅದಕ್ಕೇ ಒಂದು ಭಾಗದಲ್ಲಿ ತಾರೀಕು, ಇನ್ನೊಂದರಲ್ಲಿ ಹಣ, ಮತ್ತೊಂದರಲ್ಲಿ ವರ್ಷವಾರು ಅಂಕಿ ಕೇಳುವುದು. ಆಗಲೂ ಸೇರಿಸಬಹುದು, ಆದರೆ ಯಾವುದಕ್ಕೆ ಉತ್ತರ ಇಲ್ಲ ಅನ್ನುವುದು ಎದ್ದು ಕಾಣುತ್ತದೆ. "ಸರ್ಕಾರ ಗಮನಿಸಿದೆಯೇ" ಅಂತ ಶುರು ಮಾಡಿದರೆ "ಹೌದು" ಅಂದು ಬಿಡುತ್ತಾರೆ. ಗಮನಿಸಿದ್ದರಿಂದ ನಮಗೇನು ಸಿಕ್ಕಿತು?

ಮುಂಬಯಿ–ಗೋವಾ ಹೆದ್ದಾರಿ ಇದಕ್ಕೆ ಒಳ್ಳೆ ಉದಾಹರಣೆ. ಅಗಲ ಮಾಡುವ ಕೆಲಸ 2011ರಲ್ಲಿ ಶುರುವಾಯಿತು. ಗಣಪತಿ ಹಬ್ಬಕ್ಕೆ ಊರಿಗೆ ಹೋಗುವವರು ಅಂದಿನಿಂದ ಅದರ ಹೊಂಡಗಳನ್ನು ಅನುಭವಿಸಿದ್ದಾರೆ. "ಯಾವಾಗ ಮುಗಿಯುತ್ತದೆ" ಅಂತ ಕೇಳಿದಾಗಲೆಲ್ಲ ಒಂದು ಹೊಸ ತಿಂಗಳು, ಹೊಸ ವರ್ಷ ಸಿಗುತ್ತದೆ. ನಾನು ಬರೆಯುವುದು ಹೀಗೆ: ಪ್ರತಿ ಪ್ಯಾಕೇಜಿಗೂ (ಗುತ್ತಿಗೆ ಕೊಟ್ಟ ರಸ್ತೆಯ ತುಂಡಿಗೂ) ಒಪ್ಪಂದದಲ್ಲಿದ್ದ ಮೊದಲ ಮುಗಿಯುವ ದಿನಾಂಕ ಯಾವುದು, ಎಷ್ಟು ಸಲ ಅವಧಿ ವಿಸ್ತರಿಸಿದ್ದಾರೆ, ಯಾರ ತಪ್ಪಿಗೆ ಅಂತ ದಾಖಲಾಗಿದೆ, ಗುತ್ತಿಗೆದಾರರಿಂದ ವಸೂಲಾದ ದಂಡ ಎಷ್ಟು? ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಪನ್ವೇಲ್‌ನಿಂದ ಇಂದಾಪುರದವರೆಗಿನ ಭಾಗ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ್ದು. ಅಲ್ಲಿಂದ ಮುಂದೆ ಕೆಲಸ ಮಾಡಿಸುವುದು ರಾಜ್ಯದ ಲೋಕೋಪಯೋಗಿ ಇಲಾಖೆ, ಹಣ ಕೇಂದ್ರದ್ದು. ಆದ್ದರಿಂದ ದೆಹಲಿಯಲ್ಲಿ ಕೇಳಿದ್ದನ್ನೇ ವಿಧಾನಸಭೆಯಲ್ಲೂ ಒಬ್ಬ ಶಾಸಕರಿಂದ ಕೇಳಿಸಿ, ಎರಡೂ ಉತ್ತರಗಳನ್ನು ಪಕ್ಕಪಕ್ಕ ಇಟ್ಟು ಓದಬೇಕು. ಎಲ್ಲಿ ಹೊಂದುವುದಿಲ್ಲವೋ ಅಲ್ಲಿಂದ ಮುಂದಿನ ಪ್ರಶ್ನೆ ಹುಟ್ಟುತ್ತದೆ. ಮಹಾರಾಷ್ಟ್ರದಲ್ಲಿ ಇದಕ್ಕೆ ತಾರಾಂಕಿತ, ಅಂದರೆ ಚುಕ್ಕೆ ಗುರುತಿನ ಪ್ರಶ್ನೆ ಇದೆ, ತುರ್ತಾದರೆ ಸದನದ ಗಮನ ಸೆಳೆಯುವ ಲಕ್ಷವೇಧಿ ಸೂಚನೆ ಇದೆ.

ಯಾವುದು ಯಾರದ್ದು ಅನ್ನುವ ಈ ಗೊಂದಲ ಮುಂಬಯಿಯಲ್ಲಿ ಎಲ್ಲ ಕಡೆಗಿಂತ ಹೆಚ್ಚು. ಲೋಕಲ್ ರೈಲು ಕೇಂದ್ರದ್ದು, ಆದರೆ ಅದರ ದೊಡ್ಡ ಕಾಮಗಾರಿಗಳನ್ನು ಮಾಡುವ ಮುಂಬಯಿ ರೈಲ್ವೆ ವಿಕಾಸ ನಿಗಮದಲ್ಲಿ ರಾಜ್ಯಕ್ಕೆ 49 ಶೇಕಡಾ ಪಾಲು. ಮೆಟ್ರೊ ಬಗ್ಗೆ ದೆಹಲಿಯಲ್ಲಿ ಕೇಳುವುದಾದರೆ ರೈಲ್ವೆಯನ್ನಲ್ಲ, ನಗರ ವ್ಯವಹಾರಗಳ ಸಚಿವಾಲಯವನ್ನು ಕೇಳಬೇಕು. ಸಮುದ್ರದ ಮೇಲಿನ ಅಟಲ್ ಸೇತು ಎಂಎಂಆರ್‌ಡಿಎಯದ್ದು, ಅಂದರೆ ಮುಂಬಯಿ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರದ್ದು, ಹಾಗಾಗಿ ರಾಜ್ಯದ್ದು. ಬೆಸ್ಟ್ ಬಸ್ ಮಹಾನಗರ ಪಾಲಿಕೆಯದ್ದು. 2022ರ ಮಾರ್ಚ್‌ನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾಯಿತ ಸದಸ್ಯರೇ ಇರಲಿಲ್ಲ. ಬಸ್ಸು ಯಾಕೆ ಕಡಿಮೆಯಾಯಿತು ಅಂತ ಪಾಲಿಕೆಯಲ್ಲಿ ಎದ್ದು ಕೇಳಬೇಕಾದ ಕುರ್ಚಿಗಳೇ ಆಗ ಖಾಲಿ ಇದ್ದವು. ಇದು ನನಗೆ ಈಗಲೂ ಸಿಟ್ಟು ತರಿಸುವ ವಿಷಯ, ಯಾಕೆಂದರೆ ಬಸ್ಸಿನಲ್ಲಿ ಹೋಗುವವರಿಗೆ ಬೇರೆ ದಾರಿ ಕಡಿಮೆ.

ಹಳೆಯ ಉತ್ತರಗಳನ್ನು ಓದುವುದಕ್ಕೆ ಹೊಸಬರು ಬೇಸರ ಪಡುತ್ತಾರೆ. ಬೇಸರ ಪಡಬಾರದು. ರೈಲುಗಳ ಡಿಕ್ಕಿ ತಪ್ಪಿಸುವ ಕವಚ್ ವ್ಯವಸ್ಥೆಯ ಉತ್ತರಗಳನ್ನೇ ನೋಡಿ. ದಕ್ಷಿಣ ಮಧ್ಯ ರೈಲ್ವೆಯಲ್ಲಿ 1,465 ಕಿಲೋಮೀಟರ್ ಮಾರ್ಗದಲ್ಲಿ ಅಳವಡಿಸಲಾಗಿದೆ ಅನ್ನುವ ಅಂಕಿ 2023ರ ಉತ್ತರದಲ್ಲೂ ಇದೆ, 2024ರ ಉತ್ತರದಲ್ಲೂ ಇದೆ. ಒಂದೊಂದನ್ನೇ ಓದಿದರೆ ದೊಡ್ಡ ಸಾಧನೆ. ಒಟ್ಟಿಗೆ ಇಟ್ಟು ಓದಿದರೆ ಆ ಅವಧಿಯಲ್ಲಿ ಹೊಸದಾಗಿ ಎಷ್ಟು ಸೇರಿತು ಅನ್ನುವುದು ಯಾರೂ ಹೇಳದೆ ಗೊತ್ತಾಗುತ್ತದೆ. ಡೊಂಬಿವಲಿ ಕಡೆಯವರಿಗೆ ಹತ್ತಿರದ ಉದಾಹರಣೆ ಠಾಣೆ–ದಿವಾ ಐದು ಮತ್ತು ಆರನೇ ಹಳಿ. 2008ರಲ್ಲಿ ಮಂಜೂರಾದದ್ದು ಪೂರ್ತಿಯಾಗಿ ಶುರುವಾದದ್ದು 2022ರ ಫೆಬ್ರುವರಿಯಲ್ಲಿ. ಆ ವರ್ಷಗಳ ಉತ್ತರಗಳನ್ನು ಸಾಲಾಗಿ ಜೋಡಿಸಿದರೆ ಗಡುವು ಹೇಗೆ ಜರುಗುತ್ತಾ ಹೋಗುತ್ತದೆ ಅಂತ ಕಲಿಯಬಹುದು.

ಪತ್ರಕ್ಕೂ ಪ್ರಶ್ನೆಗೂ ಏನು ವ್ಯತ್ಯಾಸ ಅಂತ ಕೆಲವರು ಕೇಳುತ್ತಾರೆ. 2017ರ ಸೆಪ್ಟೆಂಬರ್ 29ರಂದು ಎಲ್ಫಿನ್‌ಸ್ಟನ್ ರೋಡ್ ಸ್ಟೇಷನ್ನಿನ ಸೇತುವೆಯಲ್ಲಿ ನೂಕುನುಗ್ಗಲಾಗಿ 23 ಜನ ಸತ್ತರು. ಆ ಸೇತುವೆ ಸಾಲದು ಅಂತ ಮುಂಬಯಿಯ ಸಂಸದರು ಮೊದಲೇ ಪತ್ರ ಬರೆದಿದ್ದರು. ಪತ್ರಕ್ಕೆ ಉತ್ತರ ಬರೆಯಬಹುದು, ನಿಧಾನ ಮಾಡಬಹುದು, ಓದುವವರು ಇಬ್ಬರೇ. ಪ್ರಶ್ನೆ ಒಪ್ಪಿಗೆಯಾದರೆ ಅದಕ್ಕೆ ಒಂದು ದಿನ ಗೊತ್ತಾಗುತ್ತದೆ, ಉತ್ತರ ಸದನದ ದಾಖಲೆಗೆ ಸೇರುತ್ತದೆ. ಅದಕ್ಕಾಗಿ ರೈಲ್ವೆ ಮಂಡಳಿಯಿಂದ ವಲಯಕ್ಕೆ, ವಲಯದಿಂದ ವಿಭಾಗಕ್ಕೆ ಫೋನ್ ಹೋಗುತ್ತದೆ. ಯಾರೋ ಒಬ್ಬರು ಫೈಲ್ ತೆರೆದು ಅಂಕಿ ಬರೆದು ಸಹಿ ಹಾಕಲೇಬೇಕು. ಎಷ್ಟೋ ಸಲ ಉತ್ತರಕ್ಕಿಂತ ಆ ಫೈಲ್ ತೆರೆದದ್ದೇ ದೊಡ್ಡ ಲಾಭ. ಪತ್ರ ಬೇಡ ಅಂತ ಹೇಳುತ್ತಿಲ್ಲ, ಜೀವ ಹೋಗುವ ವಿಷಯಕ್ಕೆ ಪತ್ರ ಒಂದೇ ಸಾಲದು.

ಉತ್ತರ ಬಂದ ಮೇಲಿನ ಕೆಲಸವನ್ನು ಮಾಡುವವರು ತುಂಬಾ ಕಡಿಮೆ. "ಮಾಹಿತಿ ಸಂಗ್ರಹಿಸಲಾಗುತ್ತಿದೆ, ಸದನದಲ್ಲಿ ಮಂಡಿಸಲಾಗುವುದು" ಅಂತ ಉತ್ತರ ಬಂದರೆ ಜನ ನಿರಾಸೆಯಿಂದ ಬಿಟ್ಟುಬಿಡುತ್ತಾರೆ. ನನಗೆ ಅದು ಒಳ್ಳೆಯ ಸುದ್ದಿ. ಅದು ಸರ್ಕಾರ ಸದನಕ್ಕೆ ಕೊಟ್ಟ ಮಾತು, ಮೂರು ತಿಂಗಳಲ್ಲಿ ಈಡೇರಿಸಬೇಕು. ಲೋಕಸಭೆಯಲ್ಲಿ ಇದನ್ನು ನೋಡಿಕೊಳ್ಳುವುದಕ್ಕೇ ಸರ್ಕಾರಿ ಭರವಸೆಗಳ ಸಮಿತಿ 1953ರಿಂದ ಇದೆ. ಅವಧಿ ಮುಗಿದ ಮೇಲೂ ಬರದಿದ್ದರೆ ಸಂಸದರ ಕೈಯಿಂದ ಸಮಿತಿಗೆ ಬರೆಸುತ್ತೇವೆ. ಹೀಗೆ ಬೆನ್ನು ಹತ್ತಿದ್ದಕ್ಕೇ ಸಿಕ್ಕ ಉತ್ತರಗಳು ನಮ್ಮಲ್ಲಿ ಇವೆ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಪ್ರಶ್ನೆ ಕೇಳಲು ದುಡ್ಡು ತೆಗೆದುಕೊಂಡ ಪ್ರಕರಣದಲ್ಲಿ 2005ರ ಡಿಸೆಂಬರ್‌ನಲ್ಲಿ 11 ಸಂಸದರನ್ನು ಉಚ್ಚಾಟಿಸಿದರು. ಹಾಗಾಗಿ ಪ್ರಶ್ನೆ ಯಾರಿಂದ ಬಂತು, ಅವರಿಗೆ ಇದರಲ್ಲಿ ವ್ಯವಹಾರ ಏನಾದರೂ ಇದೆಯೇ ಅಂತ ನೋಡದೆ ನಾನು ಒಂದು ಸಾಲೂ ಬರೆಯುವುದಿಲ್ಲ. ಕರಡು ನನ್ನದು, ಓದಿ ಒಪ್ಪಿ ಕಳಿಸುವುದು ಸಂಸದರೇ.

ಸಂಘದವರು ಕೊಡಬಹುದಾದದ್ದು ಬಹಳ ಇದೆ. ಸ್ಟೇಷನ್ನಿನಲ್ಲಿ ಏನು ನಡೆಯುತ್ತಿದೆ ಅಂತ ಕಚೇರಿಯಲ್ಲಿ ಕೂತ ನನಗೆ ಗೊತ್ತಾಗುವುದಿಲ್ಲ. ಲಿಫ್ಟ್ ಎಷ್ಟು ದಿನದಿಂದ ನಿಂತಿದೆ, ಸೇತುವೆಗೆ ಯಾವ ತಿಂಗಳಿಂದ ತಗಡು ಬಡಿದಿದ್ದಾರೆ, ಬೋರ್ಡಿನಲ್ಲಿ ಬರೆದ ಮುಗಿಯುವ ದಿನಾಂಕ ಯಾವುದು. ತಾರೀಕು ಕಾಣುವ ಹಾಗೆ ಆ ಬೋರ್ಡಿನ ಫೋಟೋ ಕಳಿಸಿದರೂ ಸಾಕು, ಅರ್ಧ ಪ್ರಶ್ನೆ ಅಲ್ಲೇ ತಯಾರು. ಅಧಿವೇಶನದ ದಿನಾಂಕ ಪ್ರಕಟವಾದ ಮೇಲೆ ಓಡಿ ಬಂದರೆ ಕಷ್ಟ, ಮೊದಲ ವಾರದ ನೋಟಿಸ್‌ಗಳ ಗಡುವು ಬೇಗ ಮುಗಿದುಹೋಗುತ್ತದೆ.

ಈಗ ನನ್ನ ಮೇಜಿನ ಮೇಲಿರುವುದು ಕೊಂಕಣ ರೈಲ್ವೆ ವಿಲೀನದ ಕರಡು. ಕೊಂಕಣ ರೈಲ್ವೆ ಒಂದು ಪ್ರತ್ಯೇಕ ನಿಗಮ, ಅದರಲ್ಲಿ ಪಾಲು ಇರುವ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಮಹಾರಾಷ್ಟ್ರ 2025ರಲ್ಲಿ ಭಾರತೀಯ ರೈಲ್ವೆಯ ಜೊತೆ ವಿಲೀನಕ್ಕೆ ಒಪ್ಪಿತು. ವಿಲೀನ ಆದರೆ ಬಜೆಟ್ ಹಣ ಸಿಗುತ್ತದೆ, ಜೋಡಿ ಹಳಿ ಬೇಗ ಆಗುತ್ತದೆ ಅನ್ನುವುದು ಬೇಕು ಎನ್ನುವವರ ವಾದ. ಆಗಲಿ, ನನಗೂ ಅದೇ ಆಸೆ. ಆದರೆ ನಾನು ಕೇಳಲಿರುವುದು ಬೇರೆ: ಯಾವ ರಾಜ್ಯದ ಒಪ್ಪಿಗೆ ಪತ್ರ ಯಾವ ತಾರೀಕಿಗೆ ಬಂತು, ನಿಗಮದ ಸಾಲ ಎಷ್ಟು, ಅದನ್ನು ತೀರಿಸುವವರು ಯಾರು, ಕಾರವಾರ ಮತ್ತು ಉಡುಪಿ ಭಾಗ ಯಾವ ರೈಲ್ವೆ ವಲಯಕ್ಕೆ ಸೇರುತ್ತದೆ. 150 ಪದದೊಳಗೆ ಇನ್ನೂ ಸ್ವಲ್ಪ ಜಾಗ ಉಳಿದಿದೆ. ಊರಿನ ಸ್ಟೇಷನ್ ಬಗ್ಗೆ ನಿಮ್ಮ ಹತ್ತಿರ ತಾರೀಕು ಸಮೇತ ಏನಾದರೂ ಇದ್ದರೆ ನಿಮ್ಮ ಸಂಘದ ಕಾರ್ಯದರ್ಶಿಯ ಕೈಯಲ್ಲಿ ಕೊಟ್ಟು ಕಳಿಸಿ.