ಟೊರೊಂಟೊಗೆ ಒಂದು ಬೂಟು, ವಿನಿಪೆಗ್‌ಗೆ ಇನ್ನೊಂದು

ಕೆನಡಾಕ್ಕೆ ಹೊಸದಾಗಿ ಬರುವವರು ಎಂಥ ಬೂಟು ತಗೋಬೇಕು ಅಂದರೆ, ನಾನು ಮೊದಲು ಕೇಳುವುದು ಯಾವ ಊರು ಅಂತ. ಟೊರೊಂಟೊದ್ದು ಒದ್ದೆ ಚಳಿ. ಉಷ್ಣಾಂಶ ಸೊನ್ನೆಯ ಆಚೀಚೆ ಓಲಾಡುತ್ತದೆ, ರಸ್ತೆಗೆ ಉಪ್ಪು ಸುರಿಯುತ್ತಾರೆ, ಕರಗಿದ ಹಿಮ ಫುಟ್‌ಪಾತಿನ ಅಂಚಿನಲ್ಲಿ ಪಾದ ಮುಳುಗುವಷ್ಟು ರಾಡಿಯಾಗಿ ನಿಲ್ಲುತ್ತದೆ. ವಿನಿಪೆಗ್‌ನಲ್ಲಿ ಜನವರಿ ರಾತ್ರಿ ಮೈನಸ್ 20 ಮಾಮೂಲು, ಮೈನಸ್ 30 ಕೂಡ ಅಪರೂಪವಲ್ಲ. ಆದರೆ ಅಲ್ಲಿನ ಹಿಮ ಒಣಗಿದ ಪುಡಿ. ಟೊರೊಂಟೊಗೆ ನೀರು ತಡೆಯುವ ಬೂಟು ಬೇಕು, ವಿನಿಪೆಗ್‌ಗೆ ದಪ್ಪ ಬೂಟು. ಇದನ್ನು ಅದಲುಬದಲು ಮಾಡಿಕೊಂಡವರ ಕಾಲು ಎರಡೂ ಕಡೆ ತಣ್ಣಗಾಗುತ್ತದೆ.

ಇಷ್ಟು ಚಳಿಯವರೆಗೆ ತಡೆಯುತ್ತದೆ ಅಂತ ಬೂಟಿನ ಚೀಟಿಯ ಮೇಲೆ ಬರೆದ ‘ಮೈನಸ್ 40’ ಅನ್ನು ನಾನು ಪೂರ್ತಿ ನಂಬುವುದಿಲ್ಲ. ಎಲ್ಲ ಕಂಪನಿಗಳೂ ಒಂದೇ ರೀತಿ ಪರೀಕ್ಷಿಸಿ ಬರೆದ ಅಂಕಿ ಅದಲ್ಲ, ನಡೆಯುತ್ತಿರುವ ಕಾಲಿನ ಲೆಕ್ಕವೂ ಇರಬಹುದು. ಬಸ್‌ಸ್ಟಾಪಿನಲ್ಲಿ ನಿಂತು ಕಾಯುವವರು ಅದರಲ್ಲಿ 15 ಡಿಗ್ರಿ ಬಿಟ್ಟು ಲೆಕ್ಕ ಹಾಕಿದರೆ ಒಳ್ಳೆಯದು. ಥಿನ್ಸುಲೇಟ್ ಅನ್ನುವ ಬೆಚ್ಚನೆಯ ಒಳಪದರದ ಹೆಸರಿನ ಜೊತೆ ಬರುವ 200, 400, 800 ಗ್ರಾಂ ಬೂಟಿನ ತೂಕವಲ್ಲ, ಒಂದು ಚದರ ಮೀಟರ್ ಒಳಪದರದ ತೂಕ. ಟೊರೊಂಟೊದಲ್ಲಿ ಮೆಟ್ರೊ, ಆಫೀಸು, ಅಂಗಡಿ ಅಂತ ಓಡಾಡುವವರಿಗೆ 200 ಸಾಕು, ಕಾಯುವ ಕೆಲಸ ಹೆಚ್ಚಿದ್ದರೆ 400. ಬೆಚ್ಚಗಿರಲಿ ಅಂತ 800 ತಗೊಂಡರೆ ಬಿಸಿ ಮಾಡಿದ ರೈಲಿನೊಳಗೆ ಕಾಲು ಬೆವರುತ್ತದೆ; ಅದೇ ಬೆವರು ಹೊರಗೆ ಬಂದ ಮೇಲೆ ಬೆರಳನ್ನು ಮರಗಟ್ಟಿಸುತ್ತದೆ.

ವಿನಿಪೆಗ್, ಎಡ್ಮಂಟನ್ ಕಡೆಗೆ ನನ್ನ ಆಯ್ಕೆ ಫೆಲ್ಟ್ ಲೈನರ್ (ಒತ್ತಿ ಮಾಡಿದ ದಪ್ಪ ಬಟ್ಟೆಯ ಒಳಬೂಟು) ಹೊರತೆಗೆಯಲು ಬರುವ ಬೂಟು. ಸೊರೆಲ್ ಕಂಪನಿಯ ಕ್ಯಾರಿಬೂ ಈ ಜಾತಿಯದು, ಅದರ ಲೈನರ್ 9 ಮಿಲಿಮೀಟರ್ ದಪ್ಪ. ರಾತ್ರಿ ಲೈನರ್ ಎಳೆದು ಒಣಹಾಕಿದರೆ ಬೆಳಿಗ್ಗೆಗೆ ಸಿದ್ಧ. ಹೊಲಿದು ಕೂರಿಸಿದ ಒಳಪದರ ಒಮ್ಮೆ ನೆನೆದರೆ ಒಣಗಲು ಒಂದು ರಾತ್ರಿ ಸಾಲದಿರಬಹುದು. ದಿನವಿಡೀ ಹೊರಗೆ ದುಡಿಯುವವರು ಇನ್ನೊಂದು ಜೊತೆ ಲೈನರ್ ಇಟ್ಟುಕೊಳ್ಳಲಿ.

ಹೆಚ್ಚಿನವರು ಎಡವುವುದು ಸೈಜಿನಲ್ಲಿ. ಬೆಚ್ಚಗಿಡುವುದು ಪದರದೊಳಗೆ ಸಿಕ್ಕಿಕೊಂಡ ಗಾಳಿ. ಬೂಟು ಬಿಗಿಯಾದರೆ ಫೆಲ್ಟ್ ಅಮುಕಿ ಗಾಳಿ ಹೋಗುತ್ತದೆ, ಬೆರಳಿಗೆ ರಕ್ತವೂ ಸರಿಯಾಗಿ ಹರಿಯುವುದಿಲ್ಲ. ದಪ್ಪ ಕಾಲುಚೀಲದ ಮೇಲೆ ಇನ್ನೊಂದು ದಪ್ಪ ಕಾಲುಚೀಲ ತುರುಕಿ ‘ಆದರೂ ಚಳಿ’ ಅನ್ನುವವರ ಕಥೆ ಇದೇ. ನಾನು ನೋಡುವ ರೀತಿ ಹೀಗೆ: ಪಾದ ಸ್ವಲ್ಪ ಊದಿರುವ ಸಂಜೆ ಹೊತ್ತಿನಲ್ಲಿ ಅಂಗಡಿಗೆ ಹೋಗುವುದು, ನಿಜಕ್ಕೂ ಹಾಕುವ ಉಣ್ಣೆಯ ಕಾಲುಚೀಲವನ್ನೇ ಹಾಕಿಕೊಳ್ಳುವುದು. ಲೇಸು ಕಟ್ಟದೆ ಕಾಲನ್ನು ಪೂರ್ತಿ ಮುಂದಕ್ಕೆ ತಳ್ಳಿ ನಿಂತರೆ ಹಿಮ್ಮಡಿಯ ಹಿಂದೆ ತೋರುಬೆರಳು ಇಳಿಯಬೇಕು. ಲೇಸು ಕಟ್ಟಿದ ಮೇಲೆ ಬೂಟಿನೊಳಗೆ ಐದೂ ಬೆರಳು ಆಡಬೇಕು. ಹಿಮ್ಮಡಿ ಒಂಚೂರು ಎದ್ದರೆ ಪರವಾಗಿಲ್ಲ, ಉಜ್ಜಬಾರದು. ನಮ್ಮಲ್ಲಿ ವರ್ಷಪೂರ್ತಿ ಚಪ್ಪಲಿ ಹಾಕಿ ಅಗಲವಾದ ಪಾದದವರು ಬಹಳ. ಅವರು ಉದ್ದ ಹೆಚ್ಚಿಸುವ ಬದಲು ಅಗಲದ ಮಾದರಿ ಕೇಳಬೇಕು. ಭಾರತದ ನಂಬರು ಸಾಮಾನ್ಯವಾಗಿ ಬ್ರಿಟನ್ ಲೆಕ್ಕದ್ದು: ಕೆನಡಾದಲ್ಲಿ ಗಂಡಸರಿಗೆ ಒಂದು, ಹೆಂಗಸರಿಗೆ ಎರಡು ಕೂಡಿಸಬೇಕು. ಬೆಂಗಳೂರಿನ 8, ಇಲ್ಲಿನ ಗಂಡಸರ 9. ಅರ್ಧ ಸೈಜು ಸಿಗದಿದ್ದರೆ ದೊಡ್ಡದಕ್ಕೇ ಹೋಗಿ. ಹತ್ತಿಯ ಕಾಲುಚೀಲ ಮಾತ್ರ ಬೇಡವೇ ಬೇಡ, ಬೆವರು ಕುಡಿದು ಒದ್ದೆಯಾಗಿಯೇ ಉಳಿಯುತ್ತದೆ.

ಟೊರೊಂಟೊ ಬೂಟಿನಲ್ಲಿ ಲೇಸಿನ ಹಿಂದಿನ ನಾಲಿಗೆಯನ್ನು ಬೆರಳಿಟ್ಟು ನೋಡಿ. ಎರಡೂ ಪಕ್ಕದಲ್ಲಿ ಅದು ಎಲ್ಲಿಯವರೆಗೆ ಬೂಟಿಗೆ ಹೊಲಿದುಕೊಂಡಿದೆಯೋ ನೀರು ತಡೆಯುವ ಎತ್ತರವೂ ಅಷ್ಟೇ. ಹನ್ನೆರಡು ಅಂಗುಲದ ಬೂಟಾದರೂ ಆ ಹೊಲಿಗೆ ನಾಲ್ಕಕ್ಕೇ ನಿಂತಿದ್ದರೆ, ನಾಲ್ಕರ ಮೇಲೆ ಬಂದ ನೀರು ಒಳಗೆ.

ಅಟ್ಟೆಯ ಆಳವಾದ ಹಲ್ಲು ಹಿಮಕ್ಕೆ ಸರಿ. ಗಾಜಿನಂತೆ ಹೆಪ್ಪುಗಟ್ಟಿದ ನೆಲಕ್ಕೆ ರಬ್ಬರಿನ ಗುಣ ಮುಖ್ಯ. ಉಗುರಿನಿಂದ ಒತ್ತಿದರೆ ಕೊಂಚ ಒಳಗೆ ಹೋಗುವ ಮೆತ್ತನೆ ರಬ್ಬರ್ ಒಳ್ಳೆಯ ಗುರುತು; ಹೊಳೆಯುವ ಗಟ್ಟಿ ಪ್ಲಾಸ್ಟಿಕ್ ಅಟ್ಟೆ ಚಳಿಗೆ ಇನ್ನೂ ಬಿರುಸಾಗಿ ಜಾರುತ್ತದೆ. ಟೊರೊಂಟೊದ ಕೈಟ್ ಸಂಶೋಧನಾ ಸಂಸ್ಥೆಯವರು ಜನರಿಗೆ ಬೂಟು ತೊಡಿಸಿ, ಓರೆ ಮಾಡಿದ ಮಂಜುಗಡ್ಡೆಯ ಮೇಲೆ ನಡೆಸಿ ಹಿಮಬಿಲ್ಲೆಯ (ಸ್ನೋಫ್ಲೇಕ್) ಅಂಕ ಕೊಡುತ್ತಾರೆ. 7 ಡಿಗ್ರಿ ಇಳಿಜಾರಿನಲ್ಲಿ ಜಾರದಿದ್ದರೆ ಒಂದು ಬಿಲ್ಲೆ. 2016ರಲ್ಲಿ ಪ್ರಕಟಿಸಿದ ಮೊದಲ ಸುತ್ತಿನಲ್ಲಿ ಸುಮಾರು ಶೇ. 90 ಮಾದರಿಗಳಿಗೆ ಅದೂ ದಕ್ಕಲಿಲ್ಲ. ದುಬಾರಿ ಬೂಟು ಜಾರುವುದಿಲ್ಲ ಅಂತ ಅಂಗಡಿಯವರು ಹೇಳಿದರೆ ಈ ಪಟ್ಟಿಯನ್ನು ಒಮ್ಮೆ ನೋಡಿ.

ಉಪ್ಪಿನ ಬಿಳಿ ಕಲೆಗೆ ಬಿಳಿ ವಿನೆಗರ್, ನೀರು ಸಮಸಮ ಬೆರೆಸಿ ಬಟ್ಟೆಯಲ್ಲಿ ಒರೆಸಿ, ಮೇಲೆ ಬರೀ ನೀರಿನಲ್ಲಿ ಇನ್ನೊಮ್ಮೆ. ಹೀಟರಿನ ಮೇಲೆ ಒಣಗಿಸಿದರೆ ಅಂಟು ಬಿಡುತ್ತದೆ, ಚರ್ಮ ಸೀಳುತ್ತದೆ. ಒಳಗೆ ಸುದ್ದಿಪತ್ರಿಕೆ ತುರುಕಿ ಕೋಣೆಯಲ್ಲೇ ಬಿಡಿ.

ವಾಪಸ್ ಬಂದವರ ಬೂಟು ಬೆಂಗಳೂರಿನ ಅಟ್ಟದಲ್ಲಿ ವರ್ಷಗಟ್ಟಲೆ ಇದ್ದು, ಹೊರಡುವ ತಮ್ಮನಿಗೋ ಮಗಳಿಗೋ ಬರುವುದುಂಟು. ಅಟ್ಟೆಯಲ್ಲಿ ಪಾಲಿಯುರೆಥೇನ್ ಅನ್ನುವ ಪ್ಲಾಸ್ಟಿಕ್ ಇದ್ದರೆ ಗಾಳಿಯ ತೇವಕ್ಕೇ ಅದು ಒಳಗೊಳಗೆ ಕೊಳೆಯುತ್ತದೆ. ಮೇಲೆ ಹೊಸದರಂತಿದ್ದ ಬೂಟಿನ ಅಟ್ಟೆ ಅರ್ಧ ಗಂಟೆ ನಡೆಯುವಷ್ಟರಲ್ಲಿ ಪುಡಿಯಾಗಿ ಕಳಚಬಹುದು. ಸೂಟ್‌ಕೇಸಿಗೆ ಹಾಕುವ ಮೊದಲು ಬೂಟನ್ನು ಚೆನ್ನಾಗಿ ಬಗ್ಗಿಸಿ, ಅಟ್ಟೆಯ ಪಕ್ಕವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಬಿರುಕು ಬಿಟ್ಟರೆ, ಅಂಟಂಟಾದರೆ ಅಲ್ಲೇ ಬಿಡಿ.